ಹೇಳೋರು ಕೇಳೋರು ಇಲ್ಲದ ಮನೆಗೆ ಯಜಮಾನಿ

ನಾಲ್ಕು ಜನ ಸೇರುವ ಕಡೆ ನಾನಿದ್ದರೆ ಏನಾದರೊಂದು ಆಗಿಯೇ ಆಗುತ್ತದೆ. ಅದರಲ್ಲಿ ನನ್ನ ತಪ್ಪೇನೂ ಇಲ್ಲ. ನೈರೋಬಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಆಗಿದೆ, ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನಿನಲ್ಲೂ ಆಗಿದೆ. ಕಳೆದ ರಜೆಯಲ್ಲಿ ಕೆನ್ಯಾ ಪರ್ವತದ ಮೇಲೂ ಆಯಿತು.

ಅಲ್ಲಿ ನಾವು ತಂಗಿದ್ದ ಚಾರಣಿಗರ ಹಟ್‌ಗೆ ಮ್ಯಾನೇಜರಿಲ್ಲ, ಅಡುಗೆಯವರಿಲ್ಲ, ಕಾವಲಿನವರೂ ಇಲ್ಲ. ಹೋದವರೇ ಬಾಗಿಲು ತೆಗೆದು, ಬೇಯಿಸಿಕೊಂಡು, ಮಲಗಿ, ಗುಡಿಸಿ ಬರಬೇಕು. ಹದಿನಾರರ ಮಗಳು ಒಂದು ಷರತ್ತಿನ ಮೇಲೆ ಬಂದಿದ್ದಳು. "ಅಮ್ಮಾ, ಪ್ಲೀಸ್, ಬಿ ನಾರ್ಮಲ್. ಡೋಂಟ್ ಫೀಡ್ ಸ್ಟ್ರೇಂಜರ್ಸ್." ತಪ್ಪಿದರೆ ಇನ್ನು ಮೇಲೆ ನಮ್ಮ ಜೊತೆ ಎಲ್ಲಿಗೂ ಬರುವುದಿಲ್ಲವಂತೆ. ನನಗೆ ನಿಜಕ್ಕೂ ಭಯವಾಯಿತು. ಇರುವವಳು ಒಬ್ಬಳೇ ಮಗಳು. "ಆಯ್ತು ಕಣೇ" ಎಂದೆ.

ಹೊಸಿಲಾಚೆ

ಹಟ್ ತಲುಪಿದ ಕೂಡಲೇ ನಾನು, ನಮ್ಮನೆಯವರು, ಮಗಳು ಮೂವರೂ ಶೂ ಬಿಚ್ಚಿ ಬಾಗಿಲಾಚೆ ಸಾಲಾಗಿ ಇಟ್ಟು ಒಳಗೆ ಹೋದೆವು. ಮನೆ ಯಾರದಾದರೇನು, ಅಭ್ಯಾಸ ಬಿಡುತ್ತದೆಯೇ? ನಮ್ಮ ಗೈಡ್ ಬಂದವನೇ, "ಮಾಮಾ, ಇಲ್ಲಿ ಯಾರೂ ಶೂ ಹೊರಗಿಡುವುದಿಲ್ಲ" ಎಂದ. ಮಾಮಾ ಅಂದರೆ ಅವರ ಭಾಷೆಯಲ್ಲಿ ಅಮ್ಮ. ಇಣುಕಿದರೆ ಮೊಲದಷ್ಟು ದಪ್ಪನೆಯ ಹೈರಾಕ್ಸ್ ಎಂಬ ಪ್ರಾಣಿಯೊಂದು ನಮ್ಮನೆಯವರ ಶೂ ಲೇಸನ್ನು ಶ್ಯಾವಿಗೆ ತಿಂದ ಹಾಗೆ ತಿನ್ನುತ್ತಿತ್ತು. ನೈರೋಬಿಯ ಎಂಬಕಸಿ ಬಡಾವಣೆಯ ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿರುವ ಅವರು ಹೆದರುವವರಲ್ಲ. ಆಗಷ್ಟೇ ಹಾಕಿಕೊಂಡಿದ್ದ ಪೈಜಾಮದ ಲಾಡಿ ಎಳೆದು ಶೂಗೆ ಕಟ್ಟಿಕೊಂಡರು.

ಆಮೇಲೆ ಶೂ ಗಟ್ಟಿಯಾಗಿ ನಿಂತಿತು. ಪೈಜಾಮವನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡೇ ಓಡಾಡಬೇಕಾಯಿತು.

ಮೂರು ವಿಷಲ್

ಕುಕ್ಕರ್ ಹೊತ್ತು ತಂದಿದ್ದಕ್ಕೆ ದಾರಿಯುದ್ದಕ್ಕೂ ಅಪ್ಪ ಮಗಳು ನಕ್ಕಿದ್ದರು. ಅಷ್ಟು ಎತ್ತರದಲ್ಲಿ ಬರೀ ಪಾತ್ರೆಗೆ ಹಾಕಿದರೆ ತೊಗರಿಬೇಳೆ ಜನ್ಮದಲ್ಲಿ ಬೇಯುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಸ್ಟೌ ಹಚ್ಚಿ ಬಿಸಿಬೇಳೆಬಾತಿಗೆ ಇಟ್ಟೆ. ಮೂಲೆಯಲ್ಲಿ ಇಬ್ಬರು ಬಿಳಿಯರು ಗಾಢ ನಿದ್ದೆಯಲ್ಲಿದ್ದರು. ಮೊದಲ ವಿಷಲ್ ಕೂಗಿದ್ದೇ ತಡ, ಇಬ್ಬರೂ ಎದ್ದು ಸ್ಲೀಪಿಂಗ್ ಬ್ಯಾಗ್ ಸಮೇತ ಬಾಗಿಲ ಕಡೆ ಕುಪ್ಪಳಿಸಿದರು.

ನಮ್ಮನೆಯವರು ಒಂದು ಕೈಯಲ್ಲಿ ಪೈಜಾಮ ಹಿಡಿದು, ಇನ್ನೊಂದು ಕೈಯೆತ್ತಿ ಸಮಾಧಾನ ಮಾಡಿದರು: "ಗಾಬರಿ ಬೇಡ, ಇನ್ನೂ ಎರಡು ಬಾಕಿ ಇದೆ."

ತಿಂಡಿ ಎಷ್ಟು ಹೊತ್ತಿಗೆ?

ಹೆದರಿಸಿದ ಮೇಲೆ ಒಂದು ಲೋಟ ಕಾಫಿಯನ್ನಾದರೂ ಕೊಡಬೇಡವೇ? ಕೊಟ್ಟೆ. ಇದು ಫೀಡಿಂಗ್ ಅಲ್ಲ, ಬರೀ ಕಾಫಿ. ಅಷ್ಟರಲ್ಲಿ ಇನ್ನೊಬ್ಬ ಚಾರಣಿಗ ನಡುಗುತ್ತಾ ಬಂದ. ಕಿಟಕಿ ಪಕ್ಕ ಗಾಳಿ ಬರುತ್ತದೆ, ಈ ಕಡೆ ಮಲಗಪ್ಪ ಎಂದೆ. ಅವನು ವಿಧೇಯನಾಗಿ ಬ್ಯಾಗಿಟ್ಟು, ಟಾಯ್ಲೆಟ್ಟಿನ ಚಿಲಕ ಸರಿಯಿಲ್ಲವೆಂದು ನನಗೇ ದೂರು ಕೊಟ್ಟ. ಬೆಳಗಿನ ತಿಂಡಿ ಎಷ್ಟು ಹೊತ್ತಿಗೆ ಎಂದೂ ಕೇಳಿದ.

ಮಗಳು ತನ್ನ ಹಾಸಿಗೆ ಎತ್ತಿಕೊಂಡು ಎದುರು ಮೂಲೆಗೆ ಹೋಗಿ, ನಾವು ಯಾರೋ ತಾನು ಯಾರೋ ಎಂಬಂತೆ ಕುಳಿತಳು. ನಾನೂ ಗಂಭೀರಳಾಗಿ, "ಉಪ್ಪಿಟ್ಟು ಆಗತ್ತಾ?" ಎಂದು ಅವನನ್ನು ಕೇಳಿದೆ.

ಕ್ಯೂ

ಸಂಜೆ ಆಲಿಕಲ್ಲು ಮಳೆ. ಬಾಗಿಲು ದಬದಬ ಬಡಿಯಿತು. ತೆಗೆದರೆ ಏಳೆಂಟು ಹುಡುಗ ಹುಡುಗಿಯರು, ತೊಯ್ದು ತೊಪ್ಪೆ. ನೈರೋಬಿಯ ಕರೆನ್ ಬಡಾವಣೆಯಲ್ಲಿರುವ ನಮ್ಮ ಮಗಳ ಸ್ಕೂಲಿನವರೇ, ಅವಳದೇ ಕ್ಲಾಸು! ಅವರ ಊಟ ಹೊತ್ತ ಪೋರ್ಟರುಗಳು ಇನ್ನೂ ಎಲ್ಲೋ ಕೆಳಗಿದ್ದರು. ಮಗಳು ತಲೆಯವರೆಗೂ ಹೊದ್ದುಕೊಂಡಳು.

ಕೊಟ್ಟ ಮಾತು ನೆನಪಿತ್ತು. ಆದರೆ ಮಕ್ಕಳ ತುಟಿ ನೀಲಿಯಾಗಿತ್ತು. ಷರತ್ತಿನ ಮನೆ ಹಾಳಾಗಲಿ ಎಂದು ಕುಕ್ಕರ್ ಮುಚ್ಚಳ ತೆಗೆದು, ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಚುರ್ ಅನ್ನಿಸಿದೆ. ಹಟ್ಟಿಗೆ ಹಟ್ಟೇ ಎದ್ದು ಕೂತಿತು. ಬಿಳಿಯರು, ಗೈಡ್, ಮಕ್ಕಳು ಎಲ್ಲರೂ ತಟ್ಟೆ ಹಿಡಿದು ಸಾಲಾಗಿ ನಿಂತರು. "ಆಂಟಿ, ನೀವು ಇಲ್ಲೇ ಕೆಲಸ ಮಾಡೋದಾ?" ಎಂದು ಒಬ್ಬ ಹುಡುಗ ಕೇಳಿದ. ಹೊದಿಕೆಯ ಕಡೆ ನೋಡಿದೆ. ಅವಳ ಮಾನ ಕಾಯಲೆಂದು "ಹಾಗೇ ಅಂದ್ಕೊಳಪ್ಪ" ಎಂದೆ.

ಹೊದಿಕೆ ಅಲ್ಲಾಡಿತು. ಮೊದಲು ಮೂಗು ಹೊರಗೆ ಬಂತು, ಆಮೇಲೆ ಮಗಳು. ಕುಕ್ಕರಿನೊಳಗೆ ಒಮ್ಮೆ ನೋಡಿದಳು, ಸಾಲನ್ನು ಒಮ್ಮೆ ನೋಡಿದಳು, ಸೀದಾ ಮುಂದಕ್ಕೆ ನುಗ್ಗಿದಳು. "ಕ್ಯೂ ಹಿಂದಿದೆ" ಎಂದು ಆ ಹುಡುಗ ತಡೆದ.

ನೈರೋಬಿಗೆ ಬಂದ ಮೇಲೆ ಒಂದು ದಿನವೂ ಕನ್ನಡದಲ್ಲಿ ಉತ್ತರ ಕೊಡದ ನನ್ನ ಮಗಳು, ಹಟ್ಟು ನಡುಗುವಂತೆ ಕನ್ನಡದಲ್ಲೇ ಕೂಗಿದಳು:

"ಏಯ್, ಇದು ನಮ್ಮಮ್ಮ! ಮೊದಲನೇ ತಟ್ಟೆ ನಂದು!"