ಎರಡು ಕ್ರೆಡಿಟ್ಟಿಗೆ ಒಂದು ಕೆಂಪು ದಾರ

ನನಗೊಂದು ಚಟವಿದೆ. ಔಷಧದ ಡಬ್ಬಿಯೊಳಗೆ ಮಡಚಿಟ್ಟ ಸಣ್ಣಕ್ಷರದ ಕಾಗದ, ಬಸ್ ಟಿಕೆಟ್ಟಿನ ಹಿಂಬದಿಯ ಸೂಚನೆ, ಕುಕ್ಕರಿನ ಜೊತೆ ಬರುವ ಪುಸ್ತಕ, ಇವನ್ನೆಲ್ಲ ನಾನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಓದಿ ಏನೂ ಪ್ರಯೋಜನವಾಗಿಲ್ಲ. ಕುಕ್ಕರು ಈಗಲೂ ನನ್ನ ಕೈಯಲ್ಲಿ ಸೀಟಿ ಹೊಡೆಯುವುದಿಲ್ಲ. ಆದರೂ ಬಿಡಲಾಗುವುದಿಲ್ಲ. ಈ ಚಟದಿಂದಾಗಿಯೇ ಜಮಖಂಡಿಯ ನಮ್ಮ ಪದವಿ ಕಾಲೇಜಿನಲ್ಲಿ ಕ್ರೆಡಿಟ್ ಮತ್ತು ಗ್ರೇಡ್ ಸಮಿತಿಯ ಸಂಚಾಲಕತ್ವ ನನ್ನ ಕೊರಳಿಗೆ ಬಿತ್ತು. ವಿಶ್ವವಿದ್ಯಾಲಯದ ನಿಯಮಾವಳಿಯನ್ನು ಯಾರು ಯಾರು ಓದಿದ್ದೀರಿ ಎಂದು ಪ್ರಾಂಶುಪಾಲರು ಸಭೆಯಲ್ಲಿ ಕೇಳಿದರು. ನಾನು ಪ್ರಾಮಾಣಿಕವಾಗಿ ಕೈ ಎತ್ತಿದೆ. ಅಕ್ಕಪಕ್ಕ ನೋಡಿದರೆ ಎತ್ತಿದ ಕೈ ಅದೊಂದೇ.

ಆ ನಿಯಮಾವಳಿ ಬಹಳ ಕುತೂಹಲದ ಪುಸ್ತಕ. ವಾರಕ್ಕೆ ಒಂದು ತಾಸಿನಂತೆ ಇಡೀ ಸೆಮಿಸ್ಟರ್ ಪಾಠ ಕೇಳಿ ಪಾಸಾದರೆ ಒಂದು ಕ್ರೆಡಿಟ್. ಪ್ರಾಯೋಗಿಕವಾದರೆ ಎರಡು ತಾಸಿಗೆ ಒಂದು. ಇದನ್ನು ಓದಿದ ದಿನದಿಂದ ನನಗೆ ತಲೆಯಲ್ಲಿ ಹುಳ ಹೊಕ್ಕಿತು. ಮಧ್ಯಾಹ್ನ ಎರಡರ ತಾಸಿನಲ್ಲಿ ನಾನು ಹಳಗನ್ನಡ ಹೇಳುತ್ತಿರುತ್ತೇನೆ, ಹಿಂದಿನ ಮೂರು ಬೆಂಚು ಗಾಢ ನಿದ್ರೆಯಲ್ಲಿರುತ್ತವೆ. ಆ ತಾಸನ್ನು ಪಾಠವೆಂದು ಹಿಡಿಯಬೇಕೋ ಪ್ರಾಯೋಗಿಕವೆಂದೋ? ಇನ್ನು ಗ್ರೇಡುಗಳ ಸಾಲು ನೋಡಿ. ಎಲ್ಲಕ್ಕಿಂತ ಮೇಲೆ ಓ, ಅದರ ಕೆಳಗೆ ಎ ಪ್ಲಸ್, ಎ, ಬಿ ಪ್ಲಸ್, ಬಿ, ಸಿ, ಆಮೇಲೆ ನಡುವಿನ ಅಕ್ಷರಗಳನ್ನೆಲ್ಲ ಹಾರಿಸಿ ನೇರವಾಗಿ ಪಿ. ಈ ಸಾಲನ್ನು ಯಾರು, ಯಾವ ಕೋಣೆಯಲ್ಲಿ ಕೂತು, ಏನು ತಿನ್ನುತ್ತ ಮಾಡಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹೊಸದರಲ್ಲಿ ಈ ಹುರುಪು ಮನೆಯವರೆಗೂ ಬಂತು. ಒಂದು ದಿನ ಊಟಕ್ಕೆ ಕೂತವನು ಬದನೆಕಾಯಿ ಎಣಗಾಯಿಗೆ ಬಿ ಪ್ಲಸ್ ಎಂದೆ. ನನ್ನ ಹೆಂಡತಿ ಸೌಟು ಕೆಳಗಿಟ್ಟು, "ಉಪ್ಪ ಕಡಿಮಿ ಆಗೇತೋ, ಖಾರ ಹೆಚ್ಚಾಗೇತೋ, ಅದನ್ನ ಹೇಳ್ರಿ. ನಾಳೆ ಸುಧಾರಿಸ್ತೇನಿ. ಬಿ ಪ್ಲಸ್ ತಗೊಂಡು ನಾ ಏನ್ ಮಾಡ್ಲಿ?" ಎಂದಳು. ಊಟ ಮುಗಿಸಿ ನಿಯಮಾವಳಿ ತಿರುವಿ ನೋಡಿದೆ. ಅದಕ್ಕೆ ಉತ್ತರ ಅದರಲ್ಲಿರಲಿಲ್ಲ. ಮರುದಿನ ಎಣಗಾಯಿ ಬದಲು ಬರೀ ಮಜ್ಜಿಗೆ ಸಾರು ಬಂತು, ನಾನು ಗ್ರೇಡು ಕೊಡದೆ ಎದ್ದೆ.

ಈಗ ಮುಖ್ಯ ಸಂಗತಿಗೆ ಬರುವ ಮೊದಲು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಯಾರನ್ನಾದರೂ ನಿಮ್ಮದು ಯಾವೂರು ಎಂದು ಕೇಳಿದರೆ ಅವರು ಈಗ ಇರುವ ಊರು ಹೇಳುವುದಿಲ್ಲ, ಮೂಲದ ಊರು ಹೇಳುತ್ತಾರೆ. ನನ್ನದೇ ತೆಗೆದುಕೊಳ್ಳಿ. ಜಮಖಂಡಿಯಲ್ಲಿ ಮನೆ ಮಾಡಿ ಇಪ್ಪತ್ತು ವರ್ಷವಾಯಿತು. ನಲ್ಲಿಯ ಬಿಲ್ಲು, ಗ್ಯಾಸಿನ ಪುಸ್ತಕ, ಮತದಾರರ ಪಟ್ಟಿ ಎಲ್ಲ ಇಲ್ಲಿಯವೇ. ಆದರೂ ಕೇಳಿದವರಿಗೆ ನಾನು ಬೀಳಗಿಯವನೆಂದೇ ಹೇಳುತ್ತೇನೆ. ಹೆಸರಿಗೆ ಊರು ಹಚ್ಚಿದ ಮೇಲೆಯೇ ಮನುಷ್ಯ ಪೂರ್ತಿಯಾಗುವುದು ಎಂಬುದು ನನ್ನ ನಂಬಿಕೆ. ಹೀಗಾಗಿ ಸೆಮಿಸ್ಟರಿನ ಮೊದಲ ದಿನ, ಕಚೇರಿಯಿಂದ ಪಟ್ಟಿ ಬರುವುದಕ್ಕೂ ಮೊದಲೇ, ನಾನು ಒಂದು ಉದ್ದನೆಯ ಹಾಜರಿ ಪುಸ್ತಕ ಹಿಡಿದು ಕ್ಲಾಸಿಗೆ ಹೋಗಿ ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರೇನು, ಯಾವೂರು ಎಂದು ಕೇಳಿ ಬರೆದುಕೊಳ್ಳುತ್ತೇನೆ. ಇದು ಅನಿವಾರ್ಯವೂ ಹೌದು. ನಮ್ಮ ಕಡೆ ದಾನೇಶ್ವರಿ ಎಂಬ ಹೆಸರು ಬಹಳ. ಈ ಸಂಗತಿ ನಡೆದ ನಾಲ್ಕನೇ ಸೆಮಿಸ್ಟರಿನ ಕ್ಲಾಸಿನಲ್ಲಂತೂ ಮೂವರಿದ್ದರು. ಮುಧೋಳದ ದಾನೇಶ್ವರಿ, ರಬಕವಿಯ ದಾನೇಶ್ವರಿ, ಚಿಕ್ಕಪಡಸಲಗಿಯ ದಾನೇಶ್ವರಿ.

ವಾರದ ನಂತರ ಕಚೇರಿಯ ಪಟ್ಟಿ ಬಂತು, ವಿಳಾಸ ಸಮೇತ. ತಾಳೆ ನೋಡಿದೆ. ಅದರಲ್ಲಿ ಬನಹಟ್ಟಿಯ ದಾನೇಶ್ವರಿ ಎಂಬವಳಿದ್ದಳು, ನನ್ನ ಪುಸ್ತಕದಲ್ಲಿ ಇರಲಿಲ್ಲ. ಮೊದಲ ದಿನ ಬಂದಿರಲಿಕ್ಕಿಲ್ಲ ಎಂದುಕೊಂಡು ಕೊನೆಗೆ ಒಂದು ಸಾಲು ಸೇರಿಸಿದೆ. ನನ್ನ ಚಿಕ್ಕಪಡಸಲಗಿಯ ದಾನೇಶ್ವರಿ ಕಚೇರಿಯ ಪಟ್ಟಿಯಲ್ಲಿ ಇರಲಿಲ್ಲ. ಕಚೇರಿಯವರು ಬಿಟ್ಟಿದ್ದಾರೆ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಒಬ್ಬ ವಿದ್ಯಾರ್ಥಿನಿಯ ಹೆಸರು ಬಿಟ್ಟುಹೋಗಿದೆ ಎಂದು ಅವರಿಗೆ ಒಂದು ಚೀಟಿ ಬರೆದೆ, ಅವರು ಅದನ್ನು ಭದ್ರವಾಗಿ ಫೈಲಿಗೆ ಹಾಕಿಟ್ಟರು.

ಆ ಸೆಮಿಸ್ಟರಿನಲ್ಲಿ ನಾನು ಕಲಿಸುತ್ತಿದ್ದುದು ಎರಡು ಕ್ರೆಡಿಟ್ಟಿನ ಒಂದು ವಿಷಯ. ಅದಕ್ಕೆ ಲಿಖಿತ ಪರೀಕ್ಷೆ ಇಲ್ಲ. ವಿದ್ಯಾರ್ಥಿಗಳು ತಮ್ಮ ಮನೆಯ ಕಸುಬಿನ ಬಗ್ಗೆ ಒಂದು ಬರಹ ಬರೆಯಬೇಕು, ಮಾಸ್ತರು ಅಂಕ ಕೊಟ್ಟು ವಿಶ್ವವಿದ್ಯಾಲಯದ ಪೋರ್ಟಲಿಗೆ ಏರಿಸಬೇಕು. ಚಿಕ್ಕಪಡಸಲಗಿಯ ದಾನೇಶ್ವರಿ ಬಹಳ ಚೆನ್ನಾಗಿ ಬರೆದಿದ್ದಳು. ಅವಳ ತಂದೆ ಬಟ್ಟೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಬಟ್ಟೆ ತಪಾಸಣೆ ಮಾಡುವವರು. ಮಗ್ಗದಿಂದ ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ಮೊಳ ಮೊಳ ಸರಿಸುತ್ತ, ಎಳೆ ತಪ್ಪಿದ ಕಡೆ ಅಂಚಿಗೆ ಒಂದು ಕೆಂಪು ದಾರ ಕಟ್ಟುತ್ತಾರೆ, ಕೊಳ್ಳುವವನಿಗೆ ತಪ್ಪು ಎಲ್ಲಿದೆ ಎಂದು ತಿಳಿಯಬೇಕು, ನೇಯ್ದವನಿಗೂ ತಿಳಿಯಬೇಕು ಎಂದೆಲ್ಲ ವಿವರಿಸಿ, ಬರಹದ ಜೊತೆಗೆ ಕೆಂಪು ದಾರ ಕಟ್ಟಿದ ಬಟ್ಟೆಯ ತುಂಡನ್ನೂ ಹಚ್ಚಿದ್ದಳು. ನಾನು ಐವತ್ತಕ್ಕೆ ನಲವತ್ತಾರು ಕೊಟ್ಟೆ. ಇಷ್ಟಾದರೂ ಬಟ್ಟೆಯ ಮಗ್ಗ ಒಕ್ಕಲುತನದ ಊರಾದ ಚಿಕ್ಕಪಡಸಲಗಿಯಲ್ಲಿ ಎಲ್ಲಿಂದ ಬಂತು ಎಂಬ ಪ್ರಶ್ನೆ ನನಗೆ ಹುಟ್ಟಲಿಲ್ಲ. ಕುಕ್ಕರಿನ ಪುಸ್ತಕವನ್ನು ಎರಡು ಸಲ ಓದುವವನ ಕುತೂಹಲ ಬೇಕಾದ ಹೊತ್ತಿನಲ್ಲಿ ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ.

ಬನಹಟ್ಟಿಯ ದಾನೇಶ್ವರಿ ಮಾತ್ರ ಒಂದು ದಿನವೂ ಮುಖ ತೋರಿಸಲಿಲ್ಲ. ಕೊನೆಯ ಸಾಲಿಗೆ ಬಂದು ಅವಳ ಹೆಸರು ಕೂಗಿದರೆ ಯಾರೂ ಏಳುತ್ತಿರಲಿಲ್ಲ. ಒಮ್ಮೆ ಚಿಕ್ಕಪಡಸಲಗಿಯವಳನ್ನೇ ಕರೆದು, ನಿನ್ನ ಹೆಸರಿನ ಹುಡುಗಿ ಬನಹಟ್ಟಿಯವಳೊಬ್ಬಳಿದ್ದಾಳೆ, ಕಂಡರೆ ಸ್ವಲ್ಪ ಬುದ್ಧಿ ಹೇಳು ಎಂದೂ ಹೇಳಿದ್ದೆ. ಅವಳು ತಲೆಯಾಡಿಸಿ ಹೋದಳು. ಸೆಮಿಸ್ಟರಿನ ಕೊನೆಗೆ ಪೋರ್ಟಲಿನಲ್ಲಿ ಬನಹಟ್ಟಿಯವಳ ಮುಂದೆ ಗೈರು ಎಂದು ಹಾಕಿದೆ, ಅಂಕದ ಜಾಗದಲ್ಲಿ ಸೊನ್ನೆ ಬಂತು. ಚಿಕ್ಕಪಡಸಲಗಿಯವಳ ನಲವತ್ತಾರು ಅಂಕ ಹಾಕಲು ಪೋರ್ಟಲಿನಲ್ಲಿ ಜಾಗವೇ ಇರಲಿಲ್ಲ. ಕಚೇರಿಗೆ ಇನ್ನೊಂದು ಚೀಟಿ ಬರೆದೆ. ಅಷ್ಟರಲ್ಲಿ ರಜೆ ಬಂತು.

ರಜೆ ಮುಗಿದು ಐದನೇ ಸೆಮಿಸ್ಟರಿನ ಪ್ರವೇಶ ನಡೆದಿತ್ತು. ಶನಿವಾರ ಕೊನೆಯ ದಿನ. ಬುಧವಾರ ಮುಂಜಾನೆ ಬಿಳಿ ಟೋಪಿಯ, ತೆಳ್ಳನೆಯ ಒಬ್ಬರು ಬಂದು ನನ್ನ ಮೇಜಿನ ಮುಂದೆ ನಿಂತರು. ಹೆಸರು ಈರಪ್ಪ, ಬನಹಟ್ಟಿಯ ದಾನೇಶ್ವರಿಯ ತಂದೆ ಎಂದರು. ಕೈಯಲ್ಲಿ ಅಂಕಪಟ್ಟಿ. ಅದನ್ನು ನನ್ನ ಮುಂದೆ ಹರವಿ, "ಸರ್ರ, ಇಂಗ್ಲೀಷನ್ಯಾಗ ನಪಾಸಾಗ್ಯಾಳ, ಅದು ಆಕೀದ ತಪ್ಪ, ಆಕೀನ ಒಪ್ಪ್ಯಾಳ. ನಿಮ್ಮ ವಿಷಯದಾಗ ಸೊನ್ನಿ ಐತಿ. ಆದ್ರ ತಪ್ಪ ಎಲ್ಲೈತಿ ಅನ್ನೂದು ಈ ಹಾಳ್ಯಾಗ ಬರದಿಲ್ಲಲ್ರಿ" ಎಂದರು. ನನಗೆ ಥಟ್ಟನೆ ಎಣಗಾಯಿ ನೆನಪಾಯಿತು. ಆದರೂ ಸಂಚಾಲಕನ ಗತ್ತಿನಲ್ಲಿ ನಿಯಮಾವಳಿ ತೆರೆದು ಓದಿ ಹೇಳಿದೆ. ಒಂದು ವಿಷಯ ಉಳಿದರೆ ಮುಂದಿನ ವರ್ಷಕ್ಕೆ ಹೋಗಬಹುದು, ಎರಡು ಉಳಿದರೆ ಹೋಗುವಂತಿಲ್ಲ. ಇನ್ನೆರಡು ಕ್ರೆಡಿಟ್ ಸಿಗುವವರೆಗೆ ನಿಮ್ಮ ಮಗಳು ಒಂದು ವರ್ಷ ಮನೆಯಲ್ಲಿರಬೇಕು.

ಈರಪ್ಪ ಕುರ್ಚಿಯ ತುದಿಯಲ್ಲಿ ಕೂತರು. ಮುಧೋಳದಲ್ಲಿ ಅವರ ಅಕ್ಕ ಇದ್ದಾರಂತೆ, ಅಕ್ಕನಿಗೆ ಮದುವೆ ವಯಸ್ಸಿನ ಮಗ. ಎರಡು ವರ್ಷದಿಂದ ಕೇಳುತ್ತಿದ್ದಾರೆ, ಡಿಗ್ರಿ ಮುಗಿಯಲಿ ಎಂದು ಇವರು ತಡೆಯುತ್ತಿದ್ದಾರೆ. ಹುಡುಗಿಗೆ ಬಿ.ಎಡ್. ಮಾಡಿ ಟೀಚರಾಗುವ ಆಸೆ. ಒಂದು ವರ್ಷ ಮನೆಯಲ್ಲಿ ಕೂತಳೆಂದರೆ ಅಕ್ಕನಿಗೆ ಹೇಳಲು ಇವರ ಹತ್ತಿರ ಮಾತೇ ಉಳಿಯುವುದಿಲ್ಲ. ಇದನ್ನೆಲ್ಲ ಕೇಳಿ ನನಗೆ ಮರುಕವಾಯಿತು. ಮರುಕಕ್ಕೆ ನಿಯಮಾವಳಿಯಲ್ಲಿ ಅವಕಾಶವಿಲ್ಲದ್ದರಿಂದ ಇದ್ದದ್ದನ್ನು ಹೇಳಿಯೇಬಿಟ್ಟೆ. "ಈರಪ್ಪನವರ, ನಿಮ್ಮ ಮಗಳು ನನ್ನ ಕ್ಲಾಸಿಗೆ ಒಂದ ದಿನಾನೂ ಬಂದಿಲ್ರಿ."

"ದಿನಾ ನಾನ ಬಸ್ಸಿಗೆ ಹತ್ತಸ್ತೇನಲ್ರಿ" ಎಂದರು ಅವರು. ನನ್ನ ಮಾತಿನ ತೂಕ ಆಡಿದ ಮೇಲೆಯೇ ನನಗೆ ತಿಳಿದದ್ದು. ಪ್ರತಿದಿನ ಮುಂಜಾನೆ ಮಗಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಂದು ಜಮಖಂಡಿಯ ಬಸ್ಸಿಗೆ ಹತ್ತಿಸುವ ತಂದೆ ಅವರು. ಹಾಗಾದರೆ ಹುಡುಗಿ ದಿನವೂ ಎಲ್ಲಿಗೆ ಹೋಗುತ್ತಿದ್ದಳು? ಬೇರೆಯವರಾಗಿದ್ದರೆ ನೇರ ಹೊರಗೆ ಹೋಗಿ, ಅಲ್ಲಿ ಕೂತಿದ್ದ ಹುಡುಗಿಯ ಮೇಲೆ ಹರಿಹಾಯುತ್ತಿದ್ದರು. ಈರಪ್ಪ ಮಾತ್ರ ಜೇಬಿನಿಂದ ಕನ್ನಡಕ ತೆಗೆದು, "ಪೂರಾ ಬಟ್ಟಿ ನೋಡ್ದ ತಪ್ಪ ಹೇಳಾಕ ಬರಂಗಿಲ್ರಿ. ನಿಮ್ಮ ಪುಸ್ತಕ ತೋರಸ್ತೀರೇನು?" ಎಂದರು.

ಕೊಟ್ಟೆ. ಅವರು ಪುಸ್ತಕವನ್ನು ಮೇಜಿನ ಮೇಲೆ ಇಡಲಿಲ್ಲ. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಓರೆಯಾಗಿ ಹಿಡಿದು, ಹೆಬ್ಬೆರಳನ್ನು ಒಂದೊಂದೇ ಚೌಕದ ಮೇಲೆ ಸರಿಸತೊಡಗಿದರು. ನನಗೆ ಕುತೂಹಲ ತಡೆಯದೆ ಪಕ್ಕಕ್ಕೆ ಹೋಗಿ ನಿಂತೆ. ಮೊದಲು ಕೊನೆಯ ಸಾಲು ನೋಡಿದರು, ತುದಿಯವರೆಗೂ ಗೈರು. ಆಮೇಲೆ ಉಳಿದ ಮೂವರು ದಾನೇಶ್ವರಿಯರ ಸಾಲು. ಚಿಕ್ಕಪಡಸಲಗಿಯ ಸಾಲಿನಲ್ಲಿ ಎಲ್ಲ ದಿನ ಹಾಜರಿ, ಒಂದೇ ಒಂದು ಸೋಮವಾರ ಗೈರು. ಅಲ್ಲಿ ಹೆಬ್ಬೆರಳು ನಿಂತಿತು.

"ಈ ಸೋಮವಾರ ಈ ಹುಡಿಗಿ ಯಾಕ ಬಂದಿದ್ದಿಲ್ರಿ?"

ತಾಯಿಗೆ ಕಣ್ಣಿನ ಆಪರೇಶನ್ ಇದೆ, ವಿಜಯಪುರಕ್ಕೆ ಹೋಗಬೇಕು ಎಂದು ಮೊದಲೇ ಹೇಳಿ ಹೋಗಿದ್ದಳು ಎಂದೆ. ಒಳ್ಳೆಯ ವಿದ್ಯಾರ್ಥಿನಿ, ಹೇಳದೆ ತಪ್ಪಿಸುವವಳಲ್ಲ ಎಂದು ಎರಡು ಮಾತು ಹೊಗಳಿದೆ ಕೂಡ. ಈರಪ್ಪ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಆ ಆಪರೇಶನ್ನ ನನ್ನ ಹೆಂಡ್ತೀದರಿ. ನಮ್ಮ ಮೂಲ ಊರ ಚಿಕ್ಕಪಡಸಲಗಿ. ನಮ್ಮಪ್ಪನ ಕಾಲಕ್ಕ ಬನಹಟ್ಟಿಗೆ ಬಂದೇವಿ."

ಆ ಕ್ಷಣದಲ್ಲಿ ನನ್ನ ಮುಖಕ್ಕೆ ಯಾವ ಗ್ರೇಡು ಸಲ್ಲುತ್ತಿತ್ತೋ ನಾನು ಹೇಳಲಾರೆ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಹುಡುಗಿಯನ್ನು ಕರೆಸಿದೆವು. ಬಂದವಳು ನನ್ನ ನಲವತ್ತಾರು ಅಂಕದ ದಾನೇಶ್ವರಿಯೇ. ಇಷ್ಟು ದಿನ ಬನಹಟ್ಟಿ ಎಂದು ಕೂಗಿದಾಗ ಯಾಕೆ ಎದ್ದು ನಿಲ್ಲಲಿಲ್ಲವ್ವ ಎಂದು ಕೇಳಿದರೆ, "ನನ್ನ ಹೆಸರು ಮೊದಲ ಕರದಿರ್ತಿದ್ರಲ್ರಿ ಸರ್. ಅಕಿ ಬ್ಯಾರೆದಾಕಿ ಅಂತ ತಿಳಕೊಂಡಿದ್ನಿ. ನೀವು ಅಕಿಗೆ ಬುದ್ಧಿ ಹೇಳಂದಿದ್ರಿ, ಅದಕ್ಕ ಬನಹಟ್ಟಿ ಬಸ್ಸಿನ್ಯಾಗ ಭಾಳ ದಿನಾ ಹುಡುಕೇನ್ರಿ, ಸಿಗಲಿಲ್ಲ" ಎಂದಳು. ಈರಪ್ಪ ನಗಲಿಲ್ಲ. ಟೋಪಿ ತೆಗೆದು ಹಣೆಯ ಬೆವರು ಒರೆಸಿಕೊಂಡು ಮಗಳ ತಲೆಯ ಮೇಲೊಮ್ಮೆ ಕೈಯಿಟ್ಟರು. ನನಗೆ ನಿಜವಾಗಿ ನಾಚಿಕೆಯಾಯಿತು.

ತಿದ್ದುಪಡಿಗೆ ಒಂದು ನಮೂನೆ ಇದೆ. ಅದರಲ್ಲಿ ಲೋಪ ಯಾರದು ಎಂಬಲ್ಲಿ ಎರಡೇ ಚೌಕ. ಒಂದು ವಿದ್ಯಾರ್ಥಿಯದು, ಇನ್ನೊಂದು ತಾಂತ್ರಿಕ. ನನ್ನ ಪೆನ್ನು ತಾನಾಗಿಯೇ ತಾಂತ್ರಿಕದ ಕಡೆ ಹೊರಟಿತು. ಅದು ಏನೆಂದು ಈರಪ್ಪ ಕೇಳಿದರು, ಮಶೀನಿನ ತಪ್ಪು ಎಂದೆ. ಅವರು ಸ್ವಲ್ಪ ಯೋಚಿಸಿ, "ಮಗ್ಗದಾಗ ಎಳಿ ಹರದ್ರ ನಾವು ಮಗ್ಗಕ್ಕ ಬೈತೇವ್ರಿ. ಹರದದ್ದು ನೋಡ್ದ ಹತ್ತ ಮೊಳ ನೇಯ್ದಿದ್ರ ಮಗ್ಗಕ್ಕ ಬೈಯಾಕ ಬರಂಗಿಲ್ಲ" ಎಂದರು. ನಾನು ಸ್ಕೇಲು ಹಿಡಿದು ಪಕ್ಕದಲ್ಲಿ ಮೂರನೆಯ ಚೌಕ ಗೀರಿ, ಉಪನ್ಯಾಸಕರದು ಎಂದು ಬರೆದು ಗುರುತು ಹಾಕಿದೆ. ಪ್ರಾಂಶುಪಾಲರು ಅದನ್ನು ನೋಡಿ, ಇಂಥದ್ದನ್ನು ನೀವೇ ಖುದ್ದಾಗಿ ಒಯ್ಯಿರಿ ಎಂದರು. ಗುರುವಾರ ಹಾಜರಿ ಪುಸ್ತಕ, ಹುಡುಗಿಯ ಬರಹ, ಬಟ್ಟೆಯ ತುಂಡು ಎಲ್ಲ ಕಟ್ಟಿಕೊಂಡು ವಿಶ್ವವಿದ್ಯಾಲಯಕ್ಕೆ ಹೋದೆ. ಇಂಥ ಚೌಕ ನಮ್ಮಲ್ಲಿಲ್ಲ ಎಂದು ಅಲ್ಲಿಯವರು ನನ್ನನ್ನು ಮೂರು ಮೇಜು ಸುತ್ತಿಸಿದರು. ನಾಲ್ಕನೆಯ ಮೇಜಿನವರು ಬರಹವನ್ನು ಪೂರ್ತಿ ಓದಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಸಹಿ ಮಾಡಿದರು. ಶುಕ್ರವಾರ ಸಂಜೆ ದಾನೇಶ್ವರಿಗೆ ಎರಡು ಕ್ರೆಡಿಟ್ ಬಂತು, ಓ ಗ್ರೇಡಿನ ಸಮೇತ. ಶನಿವಾರ ಅವಳ ಪ್ರವೇಶವಾಯಿತು. ಮುಧೋಳದ ಅಕ್ಕ ಇನ್ನೊಂದು ವರ್ಷ ಕಾಯಬೇಕು.

ಅದೇ ಶನಿವಾರ ಈರಪ್ಪ ನನ್ನನ್ನು ಕಂಡು ಹೋಗಲು ಬಂದರು. ನಾನು ಹಾಜರಿ ಪುಸ್ತಕ ತೆರೆದು, ನಿಮ್ಮ ಪದ್ಧತಿಯ ಪ್ರಕಾರ ಇದಕ್ಕೂ ಒಂದು ದಾರ ಕಟ್ಟಬೇಕಲ್ಲ ಎಂದು ತಮಾಷೆ ಮಾಡಿದೆ. ಅವರು ತಮಾಷೆ ಎಂದುಕೊಳ್ಳಲಿಲ್ಲ. ಅಂಗಿಯ ಜೇಬಿನಿಂದ ಕೆಂಪು ದಾರದ ಉಂಡೆ ತೆಗೆದು, ಬನಹಟ್ಟಿಯ ಸಾಲಿನ ಅಂಚಿನಲ್ಲಿ ಸೂಜಿಯಿಂದ ಚುಚ್ಚಿ, ಅಚ್ಚುಕಟ್ಟಾಗಿ ಗಂಟು ಹಾಕಿ, ಹಲ್ಲಿನಿಂದ ಕತ್ತರಿಸಿದರು. ಅದನ್ನು ನೋಡುತ್ತ ನನಗೆ ಮತ್ತೆ ಕುತೂಹಲ ಶುರುವಾಯಿತು. ಎಷ್ಟು ದಾರವಾದರೆ ಬಟ್ಟೆ ಎರಡನೆಯ ದರ್ಜೆಗೆ ಹೋಗುತ್ತದೆ ಎಂದು ಕೇಳಿದೆ. ಒಂದು ಬಟ್ಟೆಗೆ ನಾಲ್ಕು ಎಂದರು.

"ಹಂಗಾದ್ರ ನಂದು ಒಂದ ದಾರ. ನಾನು ಮೊದಲನೇ ದರ್ಜೆ ಅಂದಂಗಾತಲ್ರಿ?" ಎಂದೆ.

"ನಾ ಒಂದ ಹಾಳಿ ನೋಡೇನ್ರಿ ಸರ್ರ," ಎಂದರು ಈರಪ್ಪ, ಕನ್ನಡಕ ಮಡಚುತ್ತ.

ನಮ್ಮ ವಿಭಾಗದ ಕಪಾಟಿನಲ್ಲಿ ಇಂಥ ಹಾಜರಿ ಪುಸ್ತಕಗಳು ಇಪ್ಪತ್ತು ವರ್ಷದವು ಇವೆ, ಪ್ರತಿಯೊಂದರಲ್ಲೂ ಎಲ್ಲ ಹೆಸರಿನ ಮುಂದೆ ನಾನೇ ಕೇಳಿ ಬರೆದ ಊರು. ಸಿಕ್ಕಿದ ಕಾಗದವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದುವ ಚಟದವನು ನಾನು. ಆದರೆ ಆ ಕಪಾಟಿನ ಕೀಲಿ ಎಲ್ಲಿಟ್ಟಿದ್ದೇನೆಂದು ಮಾತ್ರ ಅವತ್ತಿನಿಂದ ನೆನಪಾಗುತ್ತಿಲ್ಲ.