ತೆಲಸಂಗದ ಸಾವ್ಕಾರನ ಬೆಳ್ಳಿ ವೈರು

ಕೆಲವರ ಮನೆಗೆ ಕರೆಯದೆ ನೆಂಟರು ಬರುತ್ತಾರೆ, ನನ್ನ ಅಂಗಡಿಗೆ ಕರೆಯದೆ ಫಜೀತಿ ಬರುತ್ತದೆ. ಬಂದದ್ದು ಚಹಾ ಕುಡಿದು ಹೋಗುವುದೂ ಇಲ್ಲ, ಕುರ್ಚಿ ಎಳೆದುಕೊಂಡು ಕೂತುಬಿಡುತ್ತದೆ. ಅಥಣಿಯಲ್ಲಿ ಟೇಪು, ರೇಡಿಯೊ, ಸ್ಪೀಕರು ರಿಪೇರಿ ಮಾಡುತ್ತ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಕೆಳಗೆ ಬರೆದದ್ದೆಲ್ಲ ನಡೆದದ್ದೇ. ನಡೆದಾಗ ಇಷ್ಟು ಚಂದ ನಡೆದಿರಲಿಲ್ಲ, ಅಷ್ಟೇ. ಅಲ್ಲಲ್ಲಿ ಸ್ವಲ್ಪ ರಿಪೇರಿ ಮಾಡಿದ್ದೇನೆ. ಅದು ನನ್ನ ಕಸಬು.

೧. ತಾಮ್ರದ ಅವಮಾನ

ತೆಲಸಂಗದ ದ್ರಾಕ್ಷಿ ಸಾವ್ಕಾರ ನನ್ನ ಜೊತೆ ಸಾಲಿ ಕಲಿತವನು. ಊರಿಗೆಲ್ಲ ಸಾವ್ಕಾರ, ನನಗೆ ದೋಸ್ತ. ಒಂದು ವರ್ಷ ದ್ರಾಕ್ಷಿಗೆ ಒಳ್ಳೆಯ ರೇಟು ಸಿಕ್ಕಿದ್ದೇ ತಡ, ಪಡಸಾಲೆಯಲ್ಲಿ ದೊಡ್ಡ ಸ್ಟೀರಿಯೊ ಇಟ್ಟ. ಜೋಡಿಸಿಕೊಟ್ಟವನು ನಾನೇ. ಎದೆಯುದ್ದದ ಎರಡು ಸ್ಪೀಕರು, ನಡುವೆ ಆಂಪ್ಲಿಫೈಯರು. ಹಾಡು ಹಚ್ಚಿದರೆ ಓಣಿಯ ಎಮ್ಮೆಗಳು ಮೆಲುಕು ಹಾಕುವುದನ್ನು ನಿಲ್ಲಿಸಿ ಕೇಳುತ್ತಿದ್ದವು ಎಂದು ನಾನು ಹೇಳುತ್ತೇನೆ. ಎಮ್ಮೆಗಳನ್ನು ಯಾರೂ ವಿಚಾರಿಸಿಲ್ಲ.

ಆಗ ಊಟಕ್ಕೆ ಬಂದರು ನಿಪ್ಪಾಣಿಯ ಬೀಗರು, ಅಂದರೆ ಸಾವ್ಕಾರನ ಮಗಳ ಮಾವ. ಹಾಡು ಕೇಳುವಾಗ ಕಣ್ಣು ಮುಚ್ಚಿ ಒಂದು ಬೆರಳು ಎತ್ತುವ ಪೈಕಿ. ಆವತ್ತೂ ಕಣ್ಣು ಮುಚ್ಚಿದರು, ಬೆರಳು ಎತ್ತಿದರು, ಬೆರಳು ಅರ್ಧಕ್ಕೇ ನಿಂತಿತು.

"ಬೀಗರ, ಪೆಟಗಿ ಛಲೋ ಅದಾವ. ಆದ್ರ ವೈರು ತಾಮ್ರದ್ದು ಹಾಕೀರಿ ಅನಸತೈತಿ. ನಮ್ಮ ಮನ್ಯಾಗ ಬೆಳ್ಳೀದು."

ಅಷ್ಟೇ ಮಾತು. ಆದರೆ ನೆಂಟರೆಲ್ಲರ ಎದುರು. ತುಪ್ಪ ಬಡಿಸುತ್ತಿದ್ದ ಸಾವ್ಕಾರನ ಕೈ ಅಲ್ಲೇ ನಿಂತು, ಒಬ್ಬರ ಹೋಳಿಗೆ ತುಪ್ಪದಲ್ಲಿ ಮುಳುಗಿಹೋಯಿತು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಕೀಲಿ ತೆಗೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತಿದ್ದ.

"ಲೇ, ಮುಂದಿನ ತಿಂಗಳ ಬಸರಿ ಮಗಳ ಕುಬಸ ಐತಿ. ಬೀಗರು ಬರ್ತಾರ. ಅಷ್ಟರಾಗ ನನ್ನ ಮನ್ಯಾಗ ಬೆಳ್ಳಿ ವೈರು ಇರಬೇಕು. ಇಲ್ಲಾಂದ್ರ ಆ ಮಂದಿ ಮುಂದ ನಾ ಮಾರಿ ಎತ್ತಂಗಿಲ್ಲ."

"ತುಟ್ಟಿ ಆಗತೈತೋ."

"ತುಟ್ಟೀದು ಬ್ಯಾಡ. ಸೋವಿ ಬೆಳ್ಳಿ ವೈರು ನೋಡು."

"ಬೆಳ್ಳಿ ಅಂದ್ರ ಬೆಳ್ಳಿ. ಸೋವಿ ಹೆಂಗ ಆದೀತು?"

"ಅದಕ್ಕ ನಿನ್ನ ಕಡೆ ಬಂದೀನಿ. ತಿಳದವರ ಕಡೆ ಹೋಗಿದ್ರ ಆಗಂಗಿಲ್ಲ ಅಂತಿದ್ರು."

೨. ಮೂರನೇ ವೈರು

ಮೊದಲು ಇವನ ಹುಚ್ಚು ಬಿಡಿಸೋಣ ಎಂದು ಒಂದು ಆಟ ಹೂಡಿದೆ. "ಗ್ವಾಡಿ ಕಡೆ ಮಾರಿ ಮಾಡಿ ಕುಂಡರು. ಮೂರು ನಮೂನಿ ವೈರು ಹಚ್ಚತೀನಿ. ಯಾವುದು ಛಲೋ ನೀನ ಹೇಳು" ಎಂದೆ. ಅವನು ಪರೀಕ್ಷೆಗೆ ಕೂತ ಹುಡುಗನ ಹಾಗೆ ಗೋಡೆ ನೋಡುತ್ತ ಕೂತ.

ನಾನು ಅಂಗಡಿಯ ಸ್ಪೀಕರಿನ ಹಿಂದೆ ಹೋಗಿ ವೈರು ಕತ್ತರಿಸುವ ಪಕ್ಕಡ ಕಟಕಟ ಅನ್ನಿಸಿದೆ, ಎರಡು ಸಲ ಕೆಮ್ಮಿದೆ, "ಥೂ ಇದರ" ಎಂದು ಬೈದೆ, ಹೊರಗೆ ಬಂದೆ. ಇದ್ದ ತಾಮ್ರದ ವೈರನ್ನು ಬೆರಳಿನಿಂದಲೂ ಮುಟ್ಟಲಿಲ್ಲ. ಹಾಡು ಹಚ್ಚಿದೆ.

"ಡಬ್ಬಿ ಒಳಗಿಂದ ಬಂದಂಗ ಬರಾಕತ್ತೈತಿ" ಎಂದ.

ಮತ್ತೆ ಕಟಕಟ, ಮತ್ತೆ ಕೆಮ್ಮು. "ಇದು ಎರಡನೇದ್ದು."

"ಹಾಂ! ಡಬ್ಬಿ ಮುಚ್ಚಳ ತಗದ್ರು."

ಮೂರನೇ ಸಲ ಕೆಮ್ಮಲೂ ಇಲ್ಲ, ಬರೀ ಪಕ್ಕಡ ಆಡಿಸಿದೆ. ಹಾಡು ಶುರುವಾಗಿ ಅರ್ಧ ನಿಮಿಷ ಆಗಿರಲಿಲ್ಲ, ಅವನು ಅಂಗಿ ತೋಳು ಸರಿಸಿ ಮುಂಗೈ ತೋರಿಸಿದ. ರೋಮ ಎದ್ದು ನಿಂತಿತ್ತು. ಮಿಕ್ಸರ್ ರಿಪೇರಿಗೆ ಬಂದು ನಿಂತಿದ್ದ ಮಾಸ್ತರರೂ ತಲೆದೂಗಿ, "ಮೂರನೇದ್ದಕ್ಕ ಒಂದು ಸಂಸ್ಕಾರ ಐತ್ರಿ" ಎಂದರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕು ನಿಜ ಹೇಳಿಬಿಟ್ಟೆ. "ಲೇ, ಮೂರೂ ಒಂದ ವೈರೋ. ನಾ ಏನೂ ಬದ್ಲಿ ಮಾಡಿಲ್ಲ."

ಸಾವ್ಕಾರ ನನ್ನತ್ತ ತಿರುಗಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಕನಿಕರ ಇತ್ತು.

"ನಿನ್ನ ಬುದ್ಧಿ ನನಗ ಗೊತ್ತೈತಿ. ಸಾಲ್ಯಾಗಿಂದ ಛಲೋ ಮಾಲು ಬಚ್ಚಿಡೋದ ನಿನ್ನ ಚಾಳಿ. ಮೂರನೇದ್ದ ತಗಿ ಹೊರಗ."

೩. ತೊಲೆಗೆ ಏನು ಭಾವ?

ಇಲ್ಲದ ಮೂರನೇ ವೈರನ್ನು ಎಲ್ಲಿಂದ ತರಲಿ? ಕಾಗವಾಡ ದಾಟಿ ಮಿರಜಿಗೆ ಕರೆದುಕೊಂಡು ಹೋದೆ. ಅಲ್ಲಿ ತಣ್ಣಗಿನ ಗಾಜಿನ ಅಂಗಡಿಯೊಂದರಲ್ಲಿ ಇಸ್ತ್ರಿ ಮುರಿಯದ ಸೇಲ್ಸ್‌ಮನ್ ಒಬ್ಬ ಮಖಮಲ್ ಪೆಟ್ಟಿಗೆಯಿಂದ ವೈರು ತೆಗೆದ. ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ.

"ಸಾಹೇಬ್ರ, ಅಸಲಿ ಬೆಳ್ಳಿ. ಇದನ್ನ ಹಾಕಿದ್ರ ಹಾಡೋರ ಉಸರ ಸೈತ ಕೇಳತೈತಿ."

"ಉಸರ ಇರ್ಲಿ. ತೊಲಿಗೆ ಏನ್ ಭಾವ?" ಎಂದ ಸಾವ್ಕಾರ.

"ತೊಲಿ ಅಲ್ರಿ, ಮೀಟರ್ ಲೆಕ್ಕ."

"ಬೆಳ್ಳಿ ಮೀಟರ್ ಲೆಕ್ಕದಾಗ ಮಾರಿದ್ದು ನಮ್ಮ ಅಜ್ಜನೂ ನೋಡಿಲ್ಲ. ತಕ್ಕಡಿ ತರ್ರಿ."

ತಕ್ಕಡಿ ಇರಲಿಲ್ಲ. ಬೆಳ್ಳಿ ಮಾರುತ್ತಾರೆ, ತಕ್ಕಡಿ ಇಲ್ಲ ಎಂದರೆ ಇವರ ವ್ಯವಹಾರ ಎಂಥದು ಎಂದು ಸಾವ್ಕಾರ ನನ್ನ ಕಿವಿಯಲ್ಲಿ ಕೇಳಿದ. ನನ್ನ ಕಿವಿಯಲ್ಲಿ ಕೇಳಿದ್ದು ಇಡೀ ಅಂಗಡಿಗೆ ಕೇಳಿತು. ಆಮೇಲೆ ಮಜೂರಿ ಎಷ್ಟು ಹಿಡಿದಿದ್ದೀರಿ, ನಾಳೆ ಮನಸ್ಸಿಗೆ ಬರದಿದ್ದರೆ ಮುರಿಸಿ ಕಾಲ್ಚೈನು ಮಾಡಿಕೊಡುತ್ತೀರಾ ಎಂದೆಲ್ಲ ವಿಚಾರಿಸಿದ. ಸೇಲ್ಸ್‌ಮನ್ನಿನ ಇಸ್ತ್ರಿ ಮುರಿಯತೊಡಗಿತು.

ಕೊನೆಗೆ ಅವನು ಒಳಗಿನಿಂದ ಇನ್ನೊಂದು ಸುರುಳಿ ತಂದ. "ಇದು ಬಜೆಟ್ಟಿನ್ಯಾಗ ಬರ್ತದ್ರಿ."

ಸಾವ್ಕಾರ ಜೇಬಿನಿಂದ ದ್ರಾಕ್ಷಿ ಗೊನೆ ಬಿಡಿಸುವ ಕತ್ತರಿ ತೆಗೆದು, ಯಾರೂ ಬೇಡ ಅನ್ನುವ ಮೊದಲೇ ತುದಿಯನ್ನು ಗರಗರ ಕೆರೆದ. ಒಳಗೆ ಕೆಂಪಗೆ ತಾಮ್ರ.

"ಅದು ಸಿಲ್ವರ್ ಪ್ಲೇಟೆಡ್ ರೀ. ಮ್ಯಾಲ ಅಷ್ಟ ಬೆಳ್ಳಿ. ದನಿಗೆ ಫರಕು ಬರಂಗಿಲ್ರಿ."

"ತಮ್ಮಾ" ಎಂದ ಸಾವ್ಕಾರ, ಬಹಳ ಶಾಂತವಾಗಿ. "ನಮ್ಮೂರಾಗ ಹೆಂಡತಿಗೆ ಇಂಥಾ ಕಾಲ್ಚೈನು ತಂದ ಒಬ್ಬ ಅಳಿಯನ್ನ ಇವತ್ತಿಗೂ ಒಳಗ ಕರಿಯಂಗಿಲ್ಲ. ಹೊರಗ ಕಟ್ಟಿ ಮ್ಯಾಲ ಊಟ ಹಾಕ್ತಾರ."

೪. ಗೆಜ್ಜೆ

ದಾರಿ ತೋರಿಸಿದವರು ವೈನಿ, ಸಾವ್ಕಾರನ ಹೆಂಡತಿ. ತಿಜೋರಿಯಿಂದ ಒಂದು ದಪ್ಪ ಬೆಳ್ಳಿ ತಂಬಿಗೆ ತೆಗೆದು ನಮ್ಮ ಮುಂದೆ ಇಟ್ಟರು.

"ಭಾವುಜಿ, ಇದು ನನ್ನ ತವರಿಂದ ಬಂದದ್ದು. ಕರಗಸ್ರಿ, ಎಳೀರಿ, ಏನರ ಮಾಡ್ರಿ. ಆದ್ರ ಬೆಳ್ಳಿ ನಂದು. ರೂಪ ಬದಲಾದ್ರೂ ಮಾಲಕಿ ಬದಲಾಗಂಗಿಲ್ಲ. ತೂಕ ಮಾಡಿ ಇಟ್ಟೀನಿ."

ಕೊಗನೊಳ್ಳಿ ಕಡೆ ಕಾಲ್ಚೈನು ಮಾಡುವ ಹಳೆಯ ಪತ್ತಾರರೊಬ್ಬರ ಹತ್ತಿರ ಹೋದೆವು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ: ಬೆಳ್ಳಿಯನ್ನು ಸಣ್ಣ ಎಳೆ ಎಳೆಯಬೇಕು, ಜಡೆಯ ಹಾಗೆ ಹೆಣೆಯಬೇಕು, ಇಂಥವು ನಾಲ್ಕು. ಅವರು ಎಲ್ಲಕ್ಕೂ ಹೂಂ ಅಂದರು. ಎಂಟು ದಿನ ಬಿಟ್ಟು ಹೋದರೆ ನಾಲ್ಕು ಜಡೆ ತಯಾರು. ಇಷ್ಟು ಚಂದದ ವೈರನ್ನು ನಾನು ಯಾವ ಅಂಗಡಿಯಲ್ಲೂ ನೋಡಿಲ್ಲ. ತುದಿಗೆ ನವಿಲಿನ ಕೊಂಡಿ. ಗೇಣಿಗೊಂದು ಗೆಜ್ಜೆ.

"ಪತ್ತಾರ್ರ, ಗೆಜ್ಜಿ ಯಾಕ್ರಿ?"

"ಸಾವ್ಕಾರ್ರ ಮನೀ ಕೆಲಸ. ಬೋಳ ಕಳಸಿದ್ರ ಮಂದಿ ನನಗ ಏನಂದಾರು?"

ಗೆಜ್ಜೆ ಕೀಳೋಣ ಎಂದರೆ ವೈನಿ ಬಿಡಲಿಲ್ಲ, ತೂಕ ಕಡಿಮೆಯಾಗುತ್ತದೆ. ಮೇಲೆ ನೂಲು ಸುತ್ತಿ, ಗೆಜ್ಜೆ ಹೊರಗೆ ಬಿಟ್ಟು ಜೋಡಿಸಿದೆ. ಹಾಡು ಶುರುವಾಯಿತು. ತಬಲದ ಪೆಟ್ಟು ಬಿದ್ದಾಗಲೆಲ್ಲ ಸ್ಪೀಕರಿನ ಹಲಗೆ ಅದುರಿ, ಹಿಂದಿನಿಂದ ಛಿಲ್ ಛಿಲ್.

"ಹೆಂಗೈತೋ ದನಿ?" ಎಂದೆ.

ಸಾವ್ಕಾರ ಯೋಚಿಸಿ ಹೇಳಿದ. "ದನಿ ಬೇಷ ಐತಿ. ಆದ್ರ ಯಾವ ಹಾಡು ಹಚ್ಚಿದ್ರೂ ನಡುವ ಯಾರೋ ಹೊಸಾ ಸೊಸಿ ಅಡ್ಡಾಡಿದಂಗ ಆಗತೈತಿ."

೫. ಹೊಸ ಡಿಸೈನು

ಬೆಳ್ಳಿಯ ವೈರು ಬಂತು, ಹಾಡು ಹೋಯಿತು. ಏಕೆಂದರೆ ನಮ್ಮ ಕಡೆ ಬೆಳ್ಳಿ ಇರುವ ಜಾಗ ತಿಜೋರಿ. ಸಾವ್ಕಾರನಿಗೆ ಹಾಡು ಕೇಳಬೇಕು ಅನ್ನಿಸಿದರೆ ಮೊದಲು ವೈನಿಯನ್ನು ಕೇಳಬೇಕು. ವೈನಿ ಕೈತೊಳೆದು ಬಂದು, ತಿಜೋರಿ ತೆಗೆದು, ವೈರು ಕೊಡಬೇಕು. ದೀಪ ಹಚ್ಚುವ ಹೊತ್ತಾದರೆ ಹಾಡು ಯಾವ ಸಾಲಿನಲ್ಲಿದ್ದರೂ ಬಂದು ಕಿತ್ತುಕೊಂಡು ಹೋಗುತ್ತಿದ್ದರು. ಕಿತ್ತು ಒಳಗಿಡುವುದನ್ನು ನಾನೇ ಅವರಿಗೆ ಕಲಿಸಿಕೊಟ್ಟೆ. ದೋಸ್ತನಿಗೆ ಇಷ್ಟೂ ಮಾಡದಿದ್ದರೆ ಹೇಗೆ?

ಒಂದು ದಿನ ಸಾವ್ಕಾರ ಫೋನೂ ಮಾಡದೆ, ನೇರ ನನ್ನ ಅಂಗಡಿಗೇ ಓಡಿ ಬಂದ.

"ಲೇ, ವೈರು ಕಳುವಾಗ್ಯಾವೋ! ಪೆಟಗಿಗೂ ಇಲ್ಲ, ತಿಜೋರಿ ಕೀಲಿ ನಮ್ಮವ್ವನ ಕಡೆ ಇತ್ತು, ತಗಿಸಿ ನೋಡಿದೆ, ಅಲ್ಲೂ ಇಲ್ಲ. ಕುಬಸ ಇನ್ನ ಎಂಟ ದಿನ ಐತಿ!"

ಇಬ್ಬರೂ ತೆಲಸಂಗಕ್ಕೆ ಓಡಿದೆವು. ಮನೆಯ ಮುಂದೆ ಜೀಪು ನಿಂತಿತ್ತು. ರಾಯಬಾಗದ ಮದುವೆ ಮುಗಿಸಿಕೊಂಡು ವೈನಿ ಆಗತಾನೆ ಇಳಿಯುತ್ತಿದ್ದರು. ನಡುವಿಗೆ ಎರಡು ಸುತ್ತು ನಮ್ಮ ನಾಲ್ಕೂ ವೈರು, ಒಂದಕ್ಕೊಂದು ನವಿಲಿನ ಕೊಂಡಿ ಹಾಕಿ.

"ಏನ್ ಮಂದಿ ರೀ! ತಾಳಿ ಕಟ್ಟೋದ ಬಿಟ್ಟು ಎಲ್ಲಾರೂ ನನ್ನ ನಡಾನ ನೋಡಾಕತ್ತಿದ್ರು. ಯಾವ ಡಿಸೈನು ಅಂತ ಕೇಳಿದ್ರು. ಸ್ಟೀರಿಯೊ ಡಾಬು ಅಂತ ಹೇಳಿ ಬಂದೆ."

೬. ಸಿಹಿ ದನಿ

ಕುಬಸದ ದಿನ ಬಂತು. ಮನೆ ತುಂಬ ಹೆಣ್ಣುಮಕ್ಕಳು, ಹಸಿರು ಬಳೆಗಳ ಸಪ್ಪಳ. ನಿಪ್ಪಾಣಿಯ ಗಾಡಿ ಅಥಣಿ ದಾಟಿತು ಎಂದು ಫೋನು ಬಂದಾಗ ಸಾವ್ಕಾರ ವೈನಿಯ ಹತ್ತಿರ ಹೋಗಿ ಮೆಲ್ಲಗೆ ಕೈಯೊಡ್ಡಿದ.

"ವೈರು ಕೊಡ."

"ಇವತ್ತ ತಗಿಯಂಗಿಲ್ಲ. ಮನಿ ತುಂಬ ಮಂದಿ ಅದಾರ. ಬೆಳ್ಳೀಗೆ ಬ್ಯಾರೆ ಕೆಲಸ ಐತಿ" ಎಂದು ವೈನಿ ಕೀಲಿಯನ್ನು ಸೆರಗಿನಲ್ಲಿ ಇನ್ನೊಂದು ಗಂಟು ಬಿಗಿದು ಹೆಣ್ಣುಮಕ್ಕಳ ನಡುವೆ ಹೋಗಿ ಕೂತರು. ಅಲ್ಲಿಗೆ ಯಾವ ಗಂಡಸು ಹೋದಾನು?

ಸಾವ್ಕಾರ ನನ್ನ ಕೈ ಹಿಡಿದ. ಹಳೆಯ ತಾಮ್ರದ ವೈರನ್ನು ಸಿಟ್ಟಿನಲ್ಲಿ ಎಂದೋ ಗುಜರಿಗೆ ಹಾಕಿದ್ದ. "ಏನರ ಮಾಡೋ ದೋಸ್ತ. ಮಾನ ಹೊಂಟೈತಿ."

ಹಿತ್ತಲಿನಲ್ಲಿ ದ್ರಾಕ್ಷಿ ಬಳ್ಳಿ ಹಬ್ಬಿಸಲು ಕಟ್ಟುವ ತಂತಿಯ ಸುರುಳಿ ಬಿದ್ದಿತ್ತು. ತೋಟದಿಂದ ಬಿಚ್ಚಿ ತಂದದ್ದು, ಒಂದಿಷ್ಟು ಒಣಗಿದ ಬಳ್ಳಿಯೂ ಅಂಟಿಕೊಂಡಿತ್ತು. ಪಕ್ಕಡದಿಂದ ನಾಲ್ಕು ತುಂಡು ಕತ್ತರಿಸಿದೆ, ತುದಿಯ ತುಕ್ಕು ಕೆರೆದೆ, ಸಾವ್ಕಾರನ ಹೊಸ ಧೋತರದ ಅಂಚು ಹರಿದು ಸುತ್ತಿದೆ, ಜೋಡಿಸಿದೆ. ಹಾಡು ಬಂತು. ಅದೇ ಹೊತ್ತಿಗೆ ಬೀಗರೂ ಬಂದರು.

ಪಾದಕ್ಕೆ ನೀರು ಕೊಟ್ಟದ್ದಾಯಿತು, ಚಹಾ ಆಯಿತು. ಬೀಗರು ಸ್ಪೀಕರಿನ ಎದುರು ಕೂತು ಕಣ್ಣು ಮುಚ್ಚಿದರು. ಬೆರಳು ಮೇಲೆದ್ದಿತು. ಬೆರಳು ಈ ಸಲ ನಿಲ್ಲಲಿಲ್ಲ, ಗಾಳಿಯಲ್ಲಿ ಸಣ್ಣಗೆ ತಿರುಗಿತು.

"ವಾಹ್! ಬೀಗರ, ಬೆಳ್ಳಿ ಹಾಕ್ಸೀರಿ. ಕಣ್ಣು ಮುಚ್ಚಿ ಹೇಳತೀನಿ, ಇದು ಬೆಳ್ಳಿ ದನಿ. ತಾಮ್ರಕ್ಕ ಈ ಹೊಳಪು ಬರೂದ ಇಲ್ಲ." ನೆಂಟರ ಕಡೆ ತಿರುಗಿ, "ಕೇಳ್ರಿ, ಕೇಳ್ರಿ, ಎಲ್ಲಾರೂ ಕೇಳ್ರಿ" ಎಂದರು.

ಸಾವ್ಕಾರನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ನಾನು ಅವನನ್ನು ಅಷ್ಟು ಸುಖವಾಗಿ ಅವನ ಮದುವೆಯಲ್ಲೂ ನೋಡಿರಲಿಲ್ಲ.

ಅಷ್ಟರಲ್ಲಿ ಉಡಿ ತುಂಬುವ ಹೊತ್ತಾಯಿತು. ಪಡಸಾಲೆಯಲ್ಲೇ ಮಣೆ ಹಾಕಿ ಮಗಳನ್ನು ಕೂಡಿಸಿದರು. ಅಕ್ಕಿ, ಕೊಬ್ಬರಿ, ಕುಬಸದ ಖಣ ಎಲ್ಲ ಆದ ಮೇಲೆ ವೈನಿ ಒಳಗೆ ಹೋಗಿ ಒಂದು ತಟ್ಟೆ ತಂದರು. ತಟ್ಟೆಯ ಮೇಲೆ ಅರಿಷಿಣ ಕುಂಕುಮ ಹಚ್ಚಿದ ನಾಲ್ಕು ಬೆಳ್ಳಿ ಜಡೆ. ಛಿಲ್ ಎಂದು ಮಗಳ ಉಡಿಗೆ ಹಾಕಿದರು.

"ಬೀಗರ, ನಮ್ಮ ತವರಿನ ಬೆಳ್ಳಿ. ನಿಮ್ಮ ಬೀಗ್ರು ಇದನ್ನ ಸ್ಟೀರಿಯೊಕ್ಕ ಕಟ್ಟಿ ಕುಣಿಸ್ಯಾರ, ಇನ್ನ ಸಾಕು. ಹುಟ್ಟೋ ಕೂಸಿಗೆ ಉಡದಾರ, ಕಡಗ ಮಾಡಸ್ರಿ."

ಹೆಣ್ಣುಮಕ್ಕಳು ಹಾಡುವುದನ್ನು ನಿಲ್ಲಿಸಿದರು. ಸ್ಟೀರಿಯೊ ಮಾತ್ರ ಹಾಡುತ್ತಲೇ ಇತ್ತು.

ಬೀಗರು ಸೊಸೆಯ ಉಡಿ ನೋಡಿದರು. ಸ್ಪೀಕರು ನೋಡಿದರು. ಮತ್ತೆ ಉಡಿ ನೋಡಿದರು. ಎಲ್ಲ ನೆಂಟರೂ ಬೀಗರನ್ನು ನೋಡಿದರು, ಏಕೆಂದರೆ ಬೆಳ್ಳಿ ದನಿ ಎಂದು ಎಲ್ಲರಿಗೂ ಕೇಳಿಸಿದವರು ಅವರೇ. ಮಾನ ಹೋಗುವ ಸರದಿ ಈಗ ಇಬ್ಬರದೂ ಆಗಿತ್ತು. ನಾನು ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸುತ್ತಿದ್ದೆ.

ಬೀಗರು ಮೆಲ್ಲಗೆ ಎದ್ದು ಹೋಗಿ, ಸ್ಪೀಕರಿನ ಹಿಂದೆ ಬಗ್ಗಿ, ಧೋತರದ ಅಂಚು ಸರಿಸಿ ನೋಡಿದರು.

"ಬೀಗರ... ಇದೇನಿದು?"

ಸಾವ್ಕಾರ ನೆಲ ನೋಡುತ್ತ ಹೇಳಿದ. "ತ್ವಾಟದ ತಂತೀರಿ. ದ್ರಾಕ್ಷಿ ಬಳ್ಳಿದು."

ಬೀಗರು ವಾಪಸು ಬಂದು ತಮ್ಮ ಜಾಗದಲ್ಲೇ ಕೂತರು. ಮತ್ತೆ ಕಣ್ಣು ಮುಚ್ಚಿದರು. ಹಾಡು ಮುಗಿಯುವವರೆಗೆ ಕೇಳಿದರು. ಆಮೇಲೆ ಕಣ್ಣು ತೆರೆಯದೆಯೇ ಬಹಳ ಗಂಭೀರವಾಗಿ ಕೇಳಿದರು:

"ಯಾವ ಜಾತಿ ದ್ರಾಕ್ಷಿ?"

"ಸೊನಾಕಾ ರೀ."

"ಹಂಗ ಅನ್ರಿ ಮತ್ತ!" ಬೀಗರ ಬೆರಳು ಮೇಲೆದ್ದಿತು. "ಅದಕ್ಕ ದನಿ ಇಷ್ಟು ಸಿಹಿ ಐತಿ. ಥಾಮ್ಸನ್ ದ್ರಾಕ್ಷಿ ತಂತಿ ಆಗಿದ್ರ ನಾ ಬಂದ ಕೂಡ್ಲೇ ಹಿಡೀತಿದ್ದೆ."