‘ಅಡ್ಮಿರಲ್ಸ್ ಗ್ಲೋರಿ’ ಡಬ್ಬಿಯ ಬೆನ್ನಿಗೆ ವರ್ಣನೆ ಬರೆದವರಿಗೆ

ಇವರಿಗೆ: ‘ಅಡ್ಮಿರಲ್ಸ್ ಗ್ಲೋರಿ’ ಎಂಬ ಗಂಡಸರ ಸೆಂಟಿನ ಡಬ್ಬಿಯ ಹಿಂಬದಿಯಲ್ಲಿ ಹನ್ನೊಂದು ಸಾಲು ಬರೆದು, ಕೆಳಗೆ ಹೆಸರು ಹಾಕಿಕೊಳ್ಳದಷ್ಟು ವಿನಯವಂತರಾದ ಮಹನೀಯರಿಗೆ

ಇಂದ: ಫಲನಿಕೊ ಲೆಯಾತಾ, ಕೋಕೋ ಹುರಿಯುವವನು, ಸವಾಯಿ ದ್ವೀಪ, ಸಮೋವಾ

ಮಾನ್ಯರೇ,

ನಮ್ಮ ಹಳ್ಳಿಯ ಪರವಾಗಿ, ನಮ್ಮ ಮನೆತನದ ನಲವತ್ತೆರಡು ಮೂಗುಗಳ ಪರವಾಗಿ ಮತ್ತು ಇವತ್ತಿಗೂ ನನ್ನ ಹತ್ತಿರ ಸುಳಿಯಲು ಒಪ್ಪದ ನಮ್ಮ ನಾಯಿಯ ಪರವಾಗಿ ತಮಗೆ ಅನಂತ ವಂದನೆಗಳು. ತಾವೂ ತಮ್ಮ ಮನೆಮಂದಿಯೂ ಕ್ಷೇಮವಾಗಿದ್ದೀರಿ, ಮನೆಯ ಕಿಟಕಿಗಳೆಲ್ಲ ತೆರೆದಿವೆ ಎಂದು ನಂಬಿದ್ದೇನೆ.

ಮೂಸಿ ನೋಡದೆ ಕೊಂಡದ್ದು ಕೊಂಡವನ ತಪ್ಪು ಎಂದು ತಾವು ಹೇಳಬಹುದು, ಆದ್ದರಿಂದ ಆ ವಿಷಯವನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಕೋಕೋ ಮಾರಲು ದೋಣಿ ಹತ್ತಿ ಆಪಿಯಾ ಪೇಟೆಗೆ ಬಂದವನು, ಬಸ್ ನಿಲ್ದಾಣದ ಎದುರಿನ ಅಂಗಡಿಯ ಗಾಜಿನ ಕಪಾಟಿನಲ್ಲಿ ತಮ್ಮ ಡಬ್ಬಿಯನ್ನು ಕಂಡೆ. ಮೂಸಿ ನೋಡಲೆಂದು ಇಟ್ಟಿದ್ದ ಬಾಟಲಿಯನ್ನು ಬಸ್ಸಿಗೆ ಕಾಯುವ ಶಾಲೆಯ ಹುಡುಗಿಯರು ಸೇರಿ ಖಾಲಿ ಮಾಡಿದ್ದರು. ಉಳಿದವೆಲ್ಲ ಮಿಂಚುವ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ್ದವು. ಒಂದನ್ನು ಬಿಚ್ಚಿ ತೋರಿಸಬಹುದೇ ಎಂದು ಅಂಗಡಿಯಾಕೆಯನ್ನು ಕೇಳಿದೆ. “ತಗೊಳ್ಳಿ, ತಗೊಂಡ್ಮೇಲೆ ನಿಮ್ದೇ ಅಲ್ವಾ, ಎಷ್ಟು ಬೇಕಾದ್ರೂ ಮೂಸ್ಕೊಳ್ಳಿ” ಎಂದಳು. ಇಪ್ಪತ್ತೆಂಟು ತಾಲಾ ಅಷ್ಟೇ. ಆದರೂ ನಾನು ಬೆಲೆಗೆ ಮರುಳಾದವನಲ್ಲ, ತಮ್ಮ ಸಾಹಿತ್ಯಕ್ಕೆ ಮರುಳಾದವನು.

ಮೊದಲ ಉಸಿರಿಗೆ ಸಮುದ್ರತೀರದ ನಿಂಬೆ, ಎದೆಯಲ್ಲಿ ಕೇಸರಿ, ತಳದಲ್ಲಿ ಹಳೆಯ ಚರ್ಮದ ಗಾಂಭೀರ್ಯ ಎಂದು ತಾವು ಬರೆದಿದ್ದಿರಿ. ಹನ್ನೆರಡು ಗಂಟೆ ಬಾಳುತ್ತದೆ ಎಂದಿದ್ದಿರಿ. ಕೊನೆಯ ಸಾಲಿನಲ್ಲಿ, ಹುಟ್ಟು ನಾಯಕರಿಗಾಗಿ ಮಾತ್ರ ಎಂದಿದ್ದಿರಿ. ಈ ಮಾತನ್ನು ನಾನು ಅಂಗಡಿಯಲ್ಲಿ ನಿಂತೇ ಮೂರು ಸಲ ಓದಿದೆ, ಏಕೆಂದರೆ ಮುಂದಿನ ಶನಿವಾರ ನಮ್ಮ ಮನೆತನಕ್ಕೆ ಒಬ್ಬ ನಾಯಕನನ್ನು ಆರಿಸುವುದಿತ್ತು.

ನಮ್ಮ ದೊಡ್ಡಪ್ಪ ತೀರಿಕೊಂಡ ಮೇಲೆ ಮನೆತನದ ಮತಾಯಿ ಪಟ್ಟ ಒಂದು ವರ್ಷದಿಂದ ಖಾಲಿ ಬಿದ್ದಿತ್ತು. ಅದಕ್ಕೆ ಇದ್ದವರು ಇಬ್ಬರು: ನಾನು ಮತ್ತು ಆಕ್ಲೆಂಡಿನಲ್ಲಿ ಲಾರಿ ಓಡಿಸುವ ನನ್ನ ದೊಡ್ಡಪ್ಪನ ಮಗ ಅಲೆಸಾನಾ. ಇಬ್ಬರಲ್ಲಿ ಯಾರೆಂದು ಹೇಳಬೇಕಾದವಳು ನಮ್ಮ ಸೋದರತ್ತೆ ಸಿನಿವಾ. ಮನೆಯ ಹೆಣ್ಣುಮಗಳ ಮಾತನ್ನು ನಮ್ಮಲ್ಲಿ ಯಾರೂ ಮೀರುವುದಿಲ್ಲ. ಅತ್ತೆಗೆ ಎಂಬತ್ತೊಂದು ವರ್ಷ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಂದವರ ಕೆನ್ನೆಗೆ ಮೂಗೊತ್ತಿ ಉಸಿರೆಳೆದುಕೊಳ್ಳುವುದು ನಮ್ಮ ಹಿರಿಯರು ಬರಮಾಡಿಕೊಳ್ಳುವ ರೀತಿ. ಅತ್ತೆಗೆ ಈಗ ಗುರುತು ಹಿಡಿಯುವ ದಾರಿಯೂ ಅದೊಂದೇ.

ಹತ್ತೊಂಬತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಕೋಕೋ ಬೀಜ ಹುರಿದು, ಕುಟ್ಟಿ, ಕುದಿಸಿ, ಮೊದಲ ಬಟ್ಟಲನ್ನು ಅತ್ತೆಗೆ ಒಯ್ದು ಕೊಡುವವನು ನಾನೇ. ಆ ಹೊಗೆ ನನ್ನ ಕೂದಲಿಗೆ, ಅಂಗಿಗೆ, ಚರ್ಮಕ್ಕೆ ಹತ್ತಿಬಿಟ್ಟಿದೆ. ಚರ್ಚಿನಲ್ಲಿ ನಾನು ಬೆಂಚಿನ ಮೇಲೆ ಕೂತರೆ ಹಿಂದಿನ ಸಾಲಿನ ಮಕ್ಕಳು ತಿಂಡಿ ಬಂತು ಎಂದು ನಗುತ್ತಾರೆ. ತಿಂಡಿಯಂತೆ ನಾರುವವನು ಮತಾಯಿಯಾಗುವುದು ಹೇಗೆ ಎಂಬ ನಾಚಿಕೆ ನನಗೆ ಬಹಳ ದಿನದಿಂದ ಇತ್ತು, ಸ್ವಾಮಿ. ಆ ನಾಚಿಕೆಗೆ ತಮ್ಮ ಹನ್ನೊಂದು ಸಾಲು ಔಷಧಿಯಂತೆ ಕಂಡವು.

ಶನಿವಾರ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು, ಪ್ಲಾಸ್ಟಿಕ್ ಬಿಚ್ಚಿ, ತಾವು ಹೇಳಿದಂತೆ ಕುತ್ತಿಗೆಗೆ ಎರಡು ಸಲ ಮತ್ತು ನನ್ನ ಸ್ವಂತ ಉತ್ಸಾಹದಿಂದ ಇನ್ನೂ ಆರು ಸಲ ಹೊಡೆದುಕೊಂಡೆ. ತಮ್ಮ ಕೇಸರಿ ಎಲ್ಲಿ ಅಡಗಿತ್ತೋ ಕಾಣೆ. ನನಗೆ ಬಂದದ್ದು ಸೊಳ್ಳೆಬತ್ತಿಯ ವಾಸನೆ, ಬಸ್ಸಿನ ಸೀಟಿನ ಮೇಲೆ ಕರಗಿದ ಕಿತ್ತಳೆ ಪೆಪ್ಪರಮೆಂಟಿನ ವಾಸನೆ ಮತ್ತು ಹೊಸ ಟೈರಿನ ವಾಸನೆ. ಮೂರೂ ಒಂದಕ್ಕೊಂದು ಜಗಳ ಕಾಯುತ್ತಿದ್ದವು. ನನ್ನ ಹೆಂಡತಿ ಲಾಂಗಿ ಮೂಗಿಗೆ ಟವಲು ಹಿಡಿದು ಒಂದೇ ಮಾತು ಕೇಳಿದಳು: “ರೀ, ಇವತ್ತು ಕೋಕೋ ಯಾರು ಹುರೀತಾರೆ?” ಯಾರಾದರೂ ಹುರಿಯಲಿ, ಬಿಳಿ ಅಂಗಿ ತೊಟ್ಟವನು ಹೊಗೆಗೆ ಹೋಗುವುದಿಲ್ಲ ಎಂದೆ. ಎರಡು ದಿನದ ಹಿಂದಷ್ಟೇ ವಿಮಾನ ಇಳಿದಿದ್ದ ಅಲೆಸಾನಾ ಅಂಗಿ ಕಳಚಿ, ಸಟ್ಟುಗ ಹಿಡಿದು ಒಲೆಯ ಮುಂದೆ ಕೂತ. ನೆಂಟರಿಗೆಲ್ಲ ಕೋಕೋ ಮಾಡಿದವನು ಅವನೇ. ಕಣ್ಣಲ್ಲಿ ನೀರು ಸುರಿಸಿಕೊಂಡು ಬೀಜ ಆಡಿಸುತ್ತಿದ್ದವನನ್ನು ನೋಡಿ ನಾನು ಮನಸಾರೆ ನಕ್ಕೆ ಎಂಬುದನ್ನೂ ತಮ್ಮಲ್ಲಿ ಮುಚ್ಚಿಡುವುದಿಲ್ಲ.

ಸಭೆಯಲ್ಲಿ ಮೊದಲು ನನ್ನ ಸರದಿ. ಅತ್ತೆಯ ಮುಂದೆ ಚಾಪೆಯ ಮೇಲೆ ಕೂತು ತಲೆ ಬಾಗಿಸಿದೆ. ಅವಳು ಕೆನ್ನೆಗೆ ಮೂಗು ತಂದು ಉಸಿರೆಳೆದುಕೊಂಡು, ಹಿಂದಕ್ಕೆ ಸರಿದು, ಬಹಳ ಮರ್ಯಾದೆಯಿಂದ ಹೇಳಿದಳು: “ಆಕ್ಲೆಂಡಿಂದ ಬಂದೋನು ನೀನೇ ಅಲ್ವಾ? ದೂರದಿಂದ ಬಂದಿದ್ದೀಯ, ಊಟ ಮಾಡ್ಕೊಂಡು ಹೋಗಪ್ಪ.” ನಾನು ಫಲನಿಕೊ ಎಂದು ಬಾಯಿ ತೆರೆದೆ, ಆದರೆ ತಮ್ಮ ಹಳೆಯ ಚರ್ಮದ ಗಾಂಭೀರ್ಯವು ಅಷ್ಟರಲ್ಲಿ ಗಂಟಲಿಗೆ ಇಳಿದು ಕೆಮ್ಮು ಬಂತೇ ಹೊರತು ಹೆಸರು ಬರಲಿಲ್ಲ. ಕೆಮ್ಮು ನಿಲ್ಲುವಷ್ಟರಲ್ಲಿ ಅಲೆಸಾನಾ ಬಂದು ಕೂತಿದ್ದ. ಅತ್ತೆ ಅವನ ಕೆನ್ನೆಗೆ ಮೂಗೊತ್ತಿ, ಕಣ್ಣು ಮುಚ್ಚಿ, ತಲೆಯ ಮೇಲೆ ಕೈ ಇಟ್ಟಳು. “ಬಂದ್ಯಾ ಮಗನೇ. ಹೊಗೆ ಹತ್ತಿರೋ ಈ ತಲೆಗೇ ಪಟ್ಟ.”

ಅತ್ತೆ ಮಾತಾಡುವಾಗ ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ಹಿರಿಯರು ಮಧ್ಯಾಹ್ನದವರೆಗೆ ಚರ್ಚಿಸಿದರು: ಪಟ್ಟ ಅತ್ತೆಯ ಮನಸ್ಸಿನಲ್ಲಿದ್ದವನಿಗೋ, ಕೈಯಡಿ ಇದ್ದವನಿಗೋ? ಮನಸ್ಸು ಕಾಣುವುದಿಲ್ಲ, ಕೈ ಎಲ್ಲರಿಗೂ ಕಂಡಿದೆ ಎಂದು ತೀರ್ಮಾನವಾಯಿತು. ಪಾದ್ರಿಗಳು ಮರುದಿನ ಕುರುಡು ತಂದೆಯೊಬ್ಬ ಬಟ್ಟೆಯ ವಾಸನೆಗೆ ಮೋಸಹೋಗಿ ಹಿರಿಮಗನ ಆಶೀರ್ವಾದವನ್ನು ಕಿರಿಮಗನಿಗೆ ಕೊಟ್ಟ ಧರ್ಮಗ್ರಂಥದ ಹಳೆಯ ಕಥೆಯ ಮೇಲೆ ಉಪದೇಶ ಮಾಡಿದರು. ಅಷ್ಟು ಹೊತ್ತೂ ಅವರು ನನ್ನ ಕಡೆ ನೋಡಲೇ ಇಲ್ಲ, ನೋಡಿದ್ದರೇ ವಾಸಿಯಿತ್ತು.

ಈಗ ತಮ್ಮ ಹೆಗ್ಗಳಿಕೆಗೆ ಬರುತ್ತೇನೆ. ಹನ್ನೆರಡು ಗಂಟೆ ಎಂದು ಬರೆದಿರಲ್ಲ, ಅಷ್ಟೊಂದು ಸಂಕೋಚವೇಕೆ? ಇವತ್ತಿಗೆ ಹತ್ತೊಂಬತ್ತು ದಿನ. ನಿಂಬೆಹಣ್ಣು, ಬೂದಿ, ಸಮುದ್ರದ ಮರಳು, ತೆಂಗಿನೆಣ್ಣೆ ಎಲ್ಲ ಹಚ್ಚಿ ಉಜ್ಜಿದ್ದಾಯಿತು. ನನ್ನ ಚರ್ಮ ತೆಳ್ಳಗಾಗಿದೆ, ತಮ್ಮ ಅಡ್ಮಿರಲ್ ಮಾತ್ರ ಹಡಗು ಬಿಟ್ಟು ಇಳಿಯಲೊಲ್ಲ. ಬೆಳಿಗ್ಗೆ ಬಟ್ಟಲು ಹಿಡಿದು ಹೋದರೆ ಅತ್ತೆ ಮುಖ ತಿರುಗಿಸಿ, “ಆಕ್ಲೆಂಡಿನವ್ನೇ, ಫಲನಿಕೊಗೆ ಬರೋಕೆ ಹೇಳು” ಎನ್ನುತ್ತಾಳೆ. ಪಟ್ಟ ಹೋದದ್ದನ್ನು ಹೇಗೋ ನುಂಗಿಕೊಂಡೆ. ಈ ಮಾತನ್ನು ಮಾತ್ರ ನನ್ನಿಂದ ಸಹಿಸಲಾಗುತ್ತಿಲ್ಲ.

ಆದ್ದರಿಂದ ತಾವು ಕೃಪೆಮಾಡಿ ಸವಾಯಿಗೆ ಬಂದು, ನಮ್ಮ ಅತ್ತೆಯ ಮುಂದೆ ಚಾಪೆಯ ಮೇಲೆ ಕೂತು, ತಮ್ಮ ವಾಸನೆಯನ್ನು ಅಧಿಕೃತವಾಗಿ ವಾಪಸು ಪಡೆಯಬೇಕೆಂದೂ, ಆಗದಿದ್ದರೆ ಕಂಪನಿಯ ಮೊಹರು ಹಾಕಿ ಈತ ಫಲನಿಕೊನೇ ಹೌದು ಎಂಬ ಪ್ರಮಾಣಪತ್ರವನ್ನು ಕಳಿಸಬೇಕೆಂದೂ, ಅತ್ತೆ ಕಾಗದ ಓದಲಾರದ ಕಾರಣ ಅದಕ್ಕೆ ಹುರಿದ ಕೋಕೋದ ಪರಿಮಳ ಕಟ್ಟಿರಬೇಕೆಂದೂ ಬೇಡಿಕೊಳ್ಳುತ್ತೇನೆ.

ಇಲ್ಲಿಯವರೆಗೆ ನಿನ್ನೆ ಬರೆದಿದ್ದೆ. ಮುಂದಿನದನ್ನು ಇವತ್ತು ಬರೆಯುತ್ತಿದ್ದೇನೆ, ಕೈ ಅಷ್ಟು ಸರಾಗವಾಗಿ ಓಡುತ್ತಿಲ್ಲ, ಕ್ಷಮಿಸಬೇಕು.

ಬೆಳಿಗ್ಗೆ ಬಟ್ಟಲು ಇಟ್ಟು ಎಂದಿನಂತೆ ಹಿಂದಕ್ಕೆ ಬರುವವನಿದ್ದೆ. ಅತ್ತೆ ಕೈ ಹಿಡಿದು ಕೂರಿಸಿಕೊಂಡು, ಕೆನ್ನೆಗೆ ಮೂಗೊತ್ತಿದಳು. “ನನ್ನ ಕಣ್ಣು ಹೋಗಿದೆ ಕಣೋ, ಮೂಗು ಹೋಗಿಲ್ಲ. ಅವತ್ತು ಆ ಸೆಂಟಿನ ಕೆಳಗೆ ನೀನೇ ಇದ್ದೆ ಅಂತ ಗೊತ್ತಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಅದೊಂದು ದಿನ ನನ್ನ ಬಟ್ಟಲು ತಂದೋನು ಅಲೆಸಾನಾ. ಪಟ್ಟ ಬರೋ ಮುಂಚೆನೇ ಹೊಗೆ ಬೇಡ ಅಂದೋನು ನೀನು, ಬಂದ್ಮೇಲೆ ನನ್ನೂ ಬೇಡ ಅನ್ನಲ್ವಾ?” ಎಂದಳು. ಈ ಸಲ ನೆಪಕ್ಕೆ ಕೆಮ್ಮೂ ಬರಲಿಲ್ಲ. ಅತ್ತೆ ಕೋಕೋ ಕುಡಿದು, ಇವತ್ತು ಸ್ವಲ್ಪ ಜಾಸ್ತಿ ಹುರಿದಿದೆ ಎಂದು ಬಟ್ಟಲು ಕೈಗೆ ಕೊಟ್ಟಳು. ಅಳು ಬಂತು, ಅತ್ತೆ. ನಾಚಿಕೆಯಿಂದಲೂ, ಗುರುತು ಸಿಕ್ಕಿದ ಸಂತೋಷದಿಂದಲೂ. ಕ್ಷಮಿಸಿ, ‘ಅತ್ತೆ’ ಎಂದಲ್ಲ, ‘ಮಾನ್ಯರೇ’ ಎಂದು ಬರೆಯಬೇಕಿತ್ತು.

ಹಾಗಾಗಿ ಮೇಲ್ಕಂಡ ದೂರನ್ನು ಹಿಂದಕ್ಕೆ ಪಡೆದಿದ್ದೇನೆ. ಇಷ್ಟು ಉದ್ದ ಬರೆದದ್ದನ್ನು ಹರಿದು ಹಾಕಲು ಮನಸ್ಸಾಗದೆ ಕಳಿಸುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಫಲನಿಕೊ ಲೆಯಾತಾ
(ಹೆಸರಿನ ಹಿಂದೆ ಮುಂದೆ ಯಾವ ಪಟ್ಟವೂ ಇಲ್ಲ)

ತಾ.ಕ.: ಹೊಸ ಮತಾಯಿ ಅಲೆಸಾನಾನಿಗೆ ಈಗ ಒಲೆಯ ಹೊಗೆ ಕಣ್ಣಿಗೆ ಆಗುವುದಿಲ್ಲವಂತೆ. ತಮ್ಮ ಬಾಟಲಿಯಲ್ಲಿ ಉಳಿದದ್ದನ್ನು ಗೌರವಪೂರ್ವಕವಾಗಿ ಅವನಿಗೆ ಕಾಣಿಕೆ ಕೊಟ್ಟೆ; ಡಬ್ಬಿಯ ಹಿಂಬದಿ ಓದಿ ಬಹಳ ಮೆಚ್ಚಿಕೊಂಡ, ಇನ್ನು ದಿನಾ ಹಚ್ಚುತ್ತಾನಂತೆ. ಕೊಟ್ಟ ಪಟ್ಟವನ್ನು ಮನೆತನ ಹಿಂದಕ್ಕೆ ಪಡೆಯುವ ಪದ್ಧತಿಯೂ ನಮ್ಮಲ್ಲಿ ಉಂಟು, ಅತ್ತೆಯ ಆರೋಗ್ಯ ಚೆನ್ನಾಗಿದೆ. ಆದಷ್ಟು ಬೇಗ ಇನ್ನೊಂದು ಬಾಟಲಿ ಕಳಿಸಿ, ದೊಡ್ಡದು. ನಾನು ಮೂಸಿ ನೋಡುವ ಅಗತ್ಯವಿಲ್ಲ.